ನಮ್ಮ ವೈನಿ ಮಾತಾಡ್ತಾಳ

ತಿಕೋಟಾ
೧೪-೧೧-೧೯೭೮, ಮಂಗಳವಾರ

ಗೆಳತಿ ಸಬೀರಾ,

ನೀನು ಕ್ಷೇಮವಾಗಿದ್ದೀ ಎಂದು ತಿಳಿದಿದ್ದೇನೆ. ನಾನು ಸಿಟ್ಟಿನಲ್ಲಿದ್ದೇನೆ. ನಿನ್ನ ಮೇಲೂ ಸಿಟ್ಟಿದೆ, ಆದರೆ ನಿನ್ನ ಪಾಲು ಸಣ್ಣದು. ಮೊದಲು ದೊಡ್ಡವರದ್ದು ಬರೆಯುತ್ತೇನೆ. ನಿನಗೆ ಗೊತ್ತಿರುವುದನ್ನೂ ಮತ್ತೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಈ ಪತ್ರವನ್ನು ನಿನ್ನೊಬ್ಬಳಿಗೇ ಎಂದು ಬರೆಯುತ್ತಿಲ್ಲ.

ಕಳೆದ ತಿಂಗಳು ನೀನೇ ಹುರುಪಿನಿಂದ ತಿಳಿಸಿದ್ದೆ. ಹಳ್ಳಿಯ ದವಾಖಾನೆಗಳ ಡಾಕ್ಟರರಿಗೆ ವಿಜಾಪುರದಲ್ಲಿ ಒಂದು ತಿಂಗಳ ತರಬೇತಿ ನಡೆಯುತ್ತದೆ, ಬೆಂಗಳೂರಿನಿಂದ ಮನೋರೋಗದ ದೊಡ್ಡ ಡಾಕ್ಟರರು ಕಲಿಸಲು ಬರುತ್ತಾರೆ, ಇನ್ನು ಮುಂದೆ ಜ್ವರ ಕೆಮ್ಮು ನೋಡುವ ಕೋಣೆಯಲ್ಲೇ ಮನಸ್ಸಿನ ಬೇನೆಯನ್ನೂ ನೋಡುತ್ತಾರೆ, ನರ್ಸ್ ಕಲಿಯುವ ನಿಮ್ಮನ್ನೂ ಅಲ್ಲಿ ಕೆಲಸಕ್ಕೆ ಹಾಕಿದ್ದಾರೆ ಎಂದು. ಕಲಿಯುವವರಿಗೆ ತೋರಿಸಲು ನಿಜವಾದ ಪೇಶಂಟುಗಳು ಬೇಕು, ನಿಮ್ಮ ವೈನಿಯನ್ನು ಕರೆದುಕೊಂಡು ಬಾ ಎಂದೂ ಬರೆದಿದ್ದೆ. ಅದನ್ನು ಓದಿ ನಾನು ಕುಣಿದಾಡಿದ್ದೆ. ನಿನ್ನ ಮೇಲಿನ ಸಿಟ್ಟು ಇಷ್ಟೇ: ಅಲ್ಲಿ ಏನು ಮಾಡುತ್ತಾರೆಂದು ನೀನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ವೈನಿ ಎಂದರೆ ನಮ್ಮ ಅಣ್ಣ ರಾಮಲಿಂಗನ ಹೆಂಡತಿ ನೀಲಾಬಾಯಿ, ಇಟ್ಟಂಗಿಹಾಳದವಳು. ಯುಗಾದಿಯ ಮುಂದೆ ಅವಳಿಗೆ ಕೂಸು ಹುಟ್ಟಿ ಒಂಬತ್ತು ದಿನಕ್ಕೆ ಹೋಯಿತು. ಆಮೇಲೆ ಅವಳಿಗೆ ನಿದ್ದೆಯಿಲ್ಲ, ಎದೆನೋವು, ಕೈಕಾಲು ಝುಂ ಎನ್ನುವುದು. ಖಾಸಗಿಯವನೊಬ್ಬ ಕೆಂಪು ಔಷಧದ ಸೂಜಿ ಚುಚ್ಚಿ ಚುಚ್ಚಿ ಅವಳ ತೋಳು ಗಂಟಾಗಿತ್ತು. ಇನ್ನಾದರೂ ಓದಿದವರು ನೋಡಲಿ ಎಂಬ ಆಸೆ ನನಗೆ. ಸಾಲೆಯಲ್ಲಿ ಮಾಸ್ತರರು ಮಾಡಿದ ಲೆಕ್ಕವನ್ನು ತಪ್ಪೆಂದು ಹೇಳಿ, ಕ್ಷಮೆ ಕೇಳೆಂದರೆ ಕೇಳದೆ, ಹತ್ತನೆಯ ಇಯತ್ತೆಯಲ್ಲೇ ಸಾಲೆ ಬಿಟ್ಟು ಮನೆಗೆ ಬಂದವಳು ನಾನು. ಆದರೂ ಓದಿದವರ ಮೇಲೆ ನನಗೆ ನಂಬಿಕೆ ಇತ್ತು.

ನವೆಂಬರ್ ಎರಡಕ್ಕೆ ನಾವು ಬಂದೆವು. ನೀನು ಬಾಗಿಲ ತನಕ ಬಿಟ್ಟು ಹೋದೆ. ಒಳಗಿನದನ್ನು ನೀನು ನೋಡಿಲ್ಲ, ಕೇಳು. ಹದಿನಾಲ್ಕು ಡಾಕ್ಟರರು ಬೆಂಚಿನ ಮೇಲೆ ಕುಳಿತಿದ್ದರು, ಪ್ರತಿಯೊಬ್ಬರ ಕೈಯಲ್ಲೂ ಒಂದು ಪಟ್ಟಿ. ವೈನಿ ಸೆರಗನ್ನು ಮೂಗಿನ ತನಕ ಎಳೆದುಕೊಂಡು ನಿಂತಿದ್ದಳು. ನಮ್ಮ ಅವ್ವ ಗುರುಬಾಯಿ ಅವಳ ಪಕ್ಕದಲ್ಲೇ ಕುರ್ಚಿಯ ಮೇಲೆ. ಬೆಂಗಳೂರಿನವರು ವೈನಿಯನ್ನು ಏನು ತೊಂದರೆ ಎಂದು ಕೇಳಿದರು. ಅವಳು ನೆಲ ನೋಡಿದಳು.

“ಆಕಿ ಏನ್ ಹೇಳ್ತಾಳ್ರಿ ಯಪ್ಪಾ, ನನ್ನ ಕೇಳ್ರಿ,” ಎಂದಳು ಅವ್ವ. “ಕುಂತಲ್ಲೇ ಕುಂತಿರ್ತಾಳ. ಹಂಚಿನ ಮ್ಯಾಲ ರೊಟ್ಟಿ ಸುಟ್ಟು ಕರಕಾದ್ರೂ ಖಬರ್ ಇರಂಗಿಲ್ಲ.”

ನಿದ್ದೆಯ ಬಗ್ಗೆ ಕೇಳಿದರು, ಅವ್ವ ಹೇಳಿದಳು. ಊಟದ ಬಗ್ಗೆ ಕೇಳಿದರು, ಅವ್ವ ಹೇಳಿದಳು. ಮಕ್ಕಳೆಷ್ಟು ಎಂದರು.

“ಇಲ್ರಿ. ಒಂದೂ ಇಲ್ಲ,” ಎಂದಳು ಅವ್ವ.

ಬೆಂಗಳೂರಿನವರು ಬೆಂಚಿನ ಕಡೆ ತಿರುಗಿ, ಎಂಟು ಪ್ರಶ್ನೆ ಕೇಳಿದೆ, ಒಂದಕ್ಕೂ ಬಾಯಿ ತೆರೆದಿಲ್ಲ, ಕಣ್ಣೆತ್ತಿ ನೋಡಿಲ್ಲ, ಬರೆದುಕೊಳ್ಳಿ ಎಂದರು. ಹದಿನಾಲ್ಕು ಪೆನ್ನುಗಳೂ ಬರೆದವು. ಆಮೇಲೆ ಒಂದು ದೊಡ್ಡ ಬೇನೆಯ ಹೆಸರು ಹೇಳಿ, ಗುಳಿಗೆ ಕೊಟ್ಟು, ಗುಂಡು ಮೊಹರು ಒತ್ತಿದ ಕಾಗದವೊಂದನ್ನು ಅವ್ವನ ಕೈಗೆ ಕೊಟ್ಟರು. ಅದರಲ್ಲಿ ಕನ್ನಡದಲ್ಲಿಯೇ ಬರೆದಿದೆ: ಮಾತು ನಿಂತಿದೆ, ಬುದ್ಧಿ ಸ್ಥಿಮಿತದಲ್ಲಿಲ್ಲ.

ಸಬೀರಾ, ಬೆಂಗಳೂರಿನವರದ್ದು ಬಿಡು. ಅವರ ಕಡೆ ಸೊಸೆಯರು ಅತ್ತೆಯ ಮುಂದೆ ಮಾತಾಡುತ್ತಿರಬಹುದು. ಈ ಹದಿನಾಲ್ಕು ಜನ ಎಲ್ಲಿಯವರು? ಇದೇ ಸೀಮೆಯವರಲ್ಲವೇ? ಅತ್ತೆಯ ಎದುರು, ಪರ ಗಂಡಸರ ಎದುರು, ನಮ್ಮ ಸೊಸೆಯರು ಬಾಯಿ ಬಿಡುವುದಿಲ್ಲ ಎಂಬುದು ಅವರಲ್ಲಿ ಒಬ್ಬರಿಗೂ ಗೊತ್ತಿಲ್ಲವೇ? ಮೊದಲ ಬೆಂಚಿನಲ್ಲಿ ಉಂಗುರ ತಿರುಗಿಸುತ್ತ ಕುಳಿತವರ ಹೆಂಡತಿಯನ್ನು ನಾನು ಬಬಲೇಶ್ವರದ ಸಂತೆಯಲ್ಲಿ ನೋಡಿದ್ದೇನೆ. ಬಳೆ ಇಡಿಸಿಕೊಳ್ಳುತ್ತಿದ್ದಳು. ಅತ್ತೆ ಪಕ್ಕದಲ್ಲಿದ್ದಳು. ಹಸಿರು ಬೇಕೋ ಕೆಂಪು ಬೇಕೋ ಎಂದು ಬಳೆಗಾರ ಕೇಳಿದರೆ ಆ ತಾಯಿ ಬೆರಳು ತೋರಿಸಿದಳೇ ಹೊರತು ತುಟಿ ಬಿಚ್ಚಲಿಲ್ಲ. ಅವಳಿಗೂ ಗುಳಿಗೆ ನಡೆದಿದೆಯೇ, ಕೇಳಿ ತಿಳಿಸು. ಗೊತ್ತಿದ್ದೂ ಬರೆದರು! ಪಟ್ಟಿಯಲ್ಲಿ ಖಾಲಿ ಜಾಗವಿತ್ತು, ಅದನ್ನು ತುಂಬಿದರು.

ಮೂರನೆಯ ದಿನ ಮುಂಜಾನೆ ರೊಟ್ಟಿ ಬಡಿಯುತ್ತಿದ್ದಾಗ ವೈನಿಯ ಕುತ್ತಿಗೆ ಒಂದೇ ಕಡೆಗೆ ತಿರುಗಿ ನಿಂತಿತು. ನಾಲಿಗೆ ಹೊರಗೆ ಬಂತು, ದವಡೆ ಬಿಗಿಯಿತು. ಕೈಗೆ ಮೆತ್ತಿದ ಹಿಟ್ಟು ಹಾಗೇ ಇತ್ತು. ಓಣಿಯೆಲ್ಲ ಬಾಗಿಲಿಗೆ ಬಂತು.

“ನಾ ಅಂದಿದ್ದಿಲ್ಲೇನ್ ಬೇ ಗುರುಬಾಯಿ,” ಎಂದಳು ನೆರೆಮನೆಯ ಹೊಳೆವ್ವ, “ಸೊಸಿಗಿ ಪೂರಾ ತಿರುಗೇತಿ ನೋಡು. ಕಾಗದ ಸುಳ್ಳ ಹೇಳ್ತದೇನು?”

ನಾನು ಅಣ್ಣನ ಸೈಕಲ್ಲಿನ ಹಿಂದೆ ವೈನಿಯನ್ನು ಕೂಡಿಸಿ ತಳ್ಳಿಕೊಂಡು ದವಾಖಾನೆಗೆ ಒಯ್ದೆ. ಅವ್ವ ಹಿಂದೆ ಓಡಿ ಬಂದಳು. ಅಲ್ಲಿಯ ಶಿವಶರಣಪ್ಪ ಡಾಕ್ಟರರು ಆ ಹದಿನಾಲ್ಕರಲ್ಲಿ ಒಬ್ಬರು, ವಾರದ ಕೊನೆಗೆ ತರಬೇತಿಯಿಂದ ಊರಿಗೆ ಬಂದಿದ್ದರು. ಒಂದು ಸೂಜಿ ಹಾಕಿದರು. ಅರ್ಧ ತಾಸಿನಲ್ಲಿ ಕುತ್ತಿಗೆ ಸರಿಯಾಯಿತು. ಆ ಗುಳಿಗೆ ಕೆಲವರಿಗೆ ಹೀಗೆ ಮಾಡುತ್ತದೆ, ಇನ್ನು ಕೊಡಬೇಡಿ ಎಂದರು. ಅದಕ್ಕೆ ನಾನು ಸುಮ್ಮನಾಗಲಿಲ್ಲ.

“ಕುತ್ತಿಗಿ ತಿರುವೂದನ್ನ ಕಲಿಯಾಕ ತಿಂಗಳಗಟ್ಲೆ ವಿಜಾಪುರಕ್ಕ ಹೋಗಬೇಕೇನ್ರಿ?”

“ಏನವಾ, ದವಾಖಾನಿ ಇದು. ಸಾವಕಾಶ ಮಾತಾಡು.”

“ಸಾವಕಾಶ ಇದ್ದವ್ರಿಗಿ ನೀವ್ ಏನ್ ಮಾಡೀರಿ ನೋಡೇನ್ರಿ. ಅತ್ತಿ ಮುಂದ ಸೊಸಿ ಮಾತಾಡಂಗಿಲ್ಲ ಅನ್ನೂದು ನಿಮಗ್ ಗೊತ್ತಿದ್ದಿಲ್ಲೇನ್ರಿ?”

ಕಂಪೌಂಡರ್ ಹಸನಸಾಬ ಬಾಟಲಿ ಹಿಡಿದುಕೊಂಡು ಗೋಡೆಯ ಕಡೆ ಮುಖ ಮಾಡಿ ನಕ್ಕ. ಡಾಕ್ಟರರು ನಗಲಿಲ್ಲ. ಅವ್ವನ ಕಡೆ ತಿರುಗಿದರು. “ಅವ್ವಾರ, ನಿಮ್ಮ ರಕ್ತದ ಒತ್ತಡನೂ ನೋಡೂಣ್ರಿ. ಆ ಕೋಣ್ಯಾಗ ಹೋಗಿ ಮಲಗ್ರಿ.” ಅವ್ವನಿಗೆ ಖುಷಿಯಾಯಿತು. ತನ್ನನ್ನೂ ಯಾರಾದರೂ ನೋಡಲಿ ಎಂದು ಅವಳಿಗೆ ಎಷ್ಟೋ ದಿನದ ಆಸೆ.

ಬಾಗಿಲು ಮುಚ್ಚಿದ ಮೇಲೆ ಡಾಕ್ಟರರು ಪೆನ್ನನ್ನು ಮುಚ್ಚಳ ಹಾಕಿ ಕೆಳಗಿಟ್ಟರು.

“ಮಕ್ಕಳೆಷ್ಟ್ ತಂಗಿ?”

“ಒಂದ್ರಿ,” ಎಂದಳು ವೈನಿ.

“ಎಲ್ಲೈತಿ?”

“ಒಂಬತ್ತ ದಿನ ಇತ್ರಿ. ನಾ ಮಲಗಿದಾಗ ಒಯ್ದ್ರು. ಮಾರಿ ತೋರಸ್ಲಿಲ್ಲ. ನೀ ಅತ್ರ ಮುಂದಿನ ಕೂಸು ನಿಲ್ಲಂಗಿಲ್ಲ ಅಂದ್ರು. ಅದಕ್ಕ ಅಳಂಗಿಲ್ರಿ ನಾ.” ಇಷ್ಟು ಹೇಳಿದ ಮೇಲೆ ಅತ್ತಳು.

ಹೊರಗೆ ಸಾಲಿನಲ್ಲಿದ್ದವರು ಕೆಮ್ಮುತ್ತಿದ್ದರು, ಬಾಗಿಲು ಬಡಿಯುತ್ತಿದ್ದರು. ಡಾಕ್ಟರರು ಅವಳನ್ನು ಅವಸರ ಮಾಡಲಿಲ್ಲ. ಅಷ್ಟನ್ನು ನಾನು ಅವರ ಪರವಾಗಿ ಹೇಳಲೇಬೇಕು. ಕೊನೆಗೆ, ಇದು ಕಾಗದದಲ್ಲಿರುವ ಬೇನೆ ಅಲ್ಲ, ದುಃಖ ಒಳಗೇ ಉಳಿದು ಹೀಗಾಗಿದೆ, ವಾರಕ್ಕೊಮ್ಮೆ ಬಂದು ಮಾತಾಡಲಿ, ಗುಣವಾಗುತ್ತದೆ ಎಂದರು. ಹಾಗಾದರೆ ಕಾಗದ ಬದಲಿಸಿ ಕೊಡಿ ಎಂದೆ. ಆಗ ಅವರ ಧ್ವನಿ ಸಣ್ಣದಾಯಿತು. ಅದು ದೊಡ್ಡ ಡಾಕ್ಟರರ ಸಹಿ, ತಾನು ಅಲ್ಲಿ ಕಲಿಯುವವನು, ಮನೆಯವರು ಯಾರಾದರೂ ಬರೆದುಕೊಟ್ಟರೆ ಅದನ್ನು ಹಿಡಿದುಕೊಂಡು ಕೇಳಬಹುದು ಎಂದರು. ಕಲಿಯುವವನಿಗೆ ತಪ್ಪನ್ನು ತಪ್ಪೆನ್ನಲು ಹೆದರಿಕೆಯಾದರೆ, ಅವನು ಕಲಿಯುತ್ತಿರುವುದಾದರೂ ಏನು? ನನ್ನ ಸಾಲೆಯೇ ನೆನಪಾಯಿತು.

ಅವ್ವ ಬರೆದುಕೊಡಲು ಒಪ್ಪಲಿಲ್ಲ. ಆ ಕಾಗದ ಅವಳ ಟ್ರಂಕಿನಲ್ಲಿದೆ. ಬರುವ ಭಾನುವಾರ ಅಣ್ಣನ ಎರಡನೆಯ ಮದುವೆಯ ಮಾತಿಗೆ ಸಾರವಾಡದಿಂದ ಹೆಣ್ಣಿನ ಕಡೆಯವರು ಬರುತ್ತಾರೆ. ಮೊದಲನೆಯವಳಿಗೆ ಹುಚ್ಚು, ಸರಕಾರದ ಮೊಹರಿದೆ ಎಂದು ಅವರಿಗೆ ಅದನ್ನು ತೋರಿಸುತ್ತಾಳಂತೆ. ವೈನಿ ತವರಿಗೆ, ಇಟ್ಟಂಗಿಹಾಳಕ್ಕೆ, ಹೋಗಬೇಕಂತೆ, ತನ್ನ ಒಂದು ಗಂಟಿನ ಜೊತೆ. ಅಣ್ಣನನ್ನು ಕೇಳಿದೆ. “ಅವ್ವ ಅಂದಂಗ,” ಎಂದ. ಎತ್ತಿಗೆ ನೀರು ಕುಡಿಸುತ್ತಿದ್ದ, ತಲೆಯನ್ನೂ ಎತ್ತಲಿಲ್ಲ. ಅವನಿಗೆ ಯಾವ ಡಾಕ್ಟರೂ ಗುಳಿಗೆ ಬರೆದಿಲ್ಲ.

ಆದ್ದರಿಂದ ಮನೆಯವಳಾಗಿ ನಾನೇ ಬರೆದಿದ್ದೇನೆ. ಶನಿವಾರ ತರಬೇತಿಯ ಕೊನೆಯ ದಿನ. ಅವತ್ತು ವೈನಿಯ ವಿಷಯವನ್ನು ಮಾದರಿಯೆಂದು ಎಲ್ಲರ ಮುಂದೆ ಓದುತ್ತಾರೆ ಎಂದು ಶಿವಶರಣಪ್ಪ ಡಾಕ್ಟರರು ಹೇಳಿದ್ದಾರೆ. ಅದಕ್ಕೂ ಮೊದಲು ಈ ಪತ್ರ ಓದಬೇಕು. ನೀನು ಓದು, ಗಟ್ಟಿಯಾಗಿ. ನಿನ್ನನ್ನು ಓದಲು ಬಿಡದಿದ್ದರೆ ಶಿವಶರಣಪ್ಪನವರು ಎದ್ದು ನಿಲ್ಲುತ್ತಾರೆ. ನಿಲ್ಲದಿದ್ದರೆ ಅವರ ದವಾಖಾನೆಯ ಬಾಗಿಲಲ್ಲಿ ನಾನು ದಿನಾ ನಿಲ್ಲುತ್ತೇನೆ, ಹಾಗೆಂದು ಅವರಿಗೆ ಹೇಳಿಯೂ ಇದ್ದೇನೆ. ಅದೇ ಮೊಹರಿನ ಹೊಸ ಕಾಗದ ಬೇಕು. ನಮ್ಮ ವೈನಿ ಮಾತಾಡುತ್ತಾಳೆ, ಬುದ್ಧಿ ಸರಿಯಿದೆ ಎಂದು ಅದರಲ್ಲಿರಬೇಕು. ಶನಿವಾರ ಸಂಜೆಯ ಬಸ್ಸಿಗೆ ನೀನೇ ತೆಗೆದುಕೊಂಡು ಬಾ. ಭಾನುವಾರ ಬಂದರೆ ಕೆಲಸಕ್ಕೆ ಬರುವುದಿಲ್ಲ.

ಸಿಟ್ಟಿನಲ್ಲಿದ್ದರೂ ನಿನ್ನವಳೇ ಆದ
ಬೋರವ್ವ

ತಾ.ಕ.: ಪತ್ರ ಮಡಿಸಿ ಮತ್ತೆ ಬಿಚ್ಚಿದೆ. ಇದರಲ್ಲಿ ಸುಳ್ಳಿಲ್ಲ, ಆದರೆ ಒಂದು ವಿಷಯ ಬಿಟ್ಟಿದ್ದೆ. ಅವತ್ತು ಬೆಂಗಳೂರಿನವರು ಕೊನೆಗೆ ನನ್ನನ್ನೂ ಕೇಳಿದರು: ನೀನು ನಾದಿನಿಯಲ್ಲವೇ, ಮನೆಯಲ್ಲಿ ನಿನ್ನ ಹತ್ತಿರವಾದರೂ ಮಾತಾಡುತ್ತಾಳೆಯೇ? ಹಿತ್ತಲಲ್ಲಿ ಪಾತ್ರೆ ತಿಕ್ಕುವಾಗ ವೈನಿ ದಿನಾ ನನ್ನೊಡನೆ ಮಾತಾಡುತ್ತಾಳೆ. ಕೂಸಿನ ಬಗ್ಗೆ, ಅದನ್ನು ಒಯ್ದ ಅವ್ವನ ಬಗ್ಗೆ. ಅವ್ವ ನನ್ನನ್ನೇ ನೋಡುತ್ತಿದ್ದಳು. ಹೌದೆಂದರೆ ಏನು ಮಾತಾಡುತ್ತೀರಿ ಎಂದು ಮನೆಯಲ್ಲಿ ಕೇಳುತ್ತಾಳೆಂದು ಅಂಜಿ, “ಇಲ್ರಿ” ಎಂದೆ. ಅವರು ಅದನ್ನು ಕೇಳಿದ ಮೇಲೆಯೇ ಆ ಬೇನೆಯ ಹೆಸರು ಹೇಳಿದ್ದು. ಇದನ್ನೂ ಓದು. ಮೊದಲು ಇದನ್ನೇ ಓದು.

ಈಗಷ್ಟೇ ಪೂರಾ ಪತ್ರವನ್ನು ಅವ್ವನ ಎದುರಿಗೆ ಓದಿದೆ. ಅವಳು ಹೊಸ್ತಿಲಲ್ಲಿ ನಿಂತಿದ್ದಾಳೆ. ವೈನಿ ಒಲೆಯ ಮುಂದಿನಿಂದ ಎದ್ದು ಬಂದು, ಅವಳ ಎದುರಿಗೇ, “ಬೋರವ್ವಾ, ನಾಳಿ ಅನಬ್ಯಾಡ, ಇವತ್ತ ಡಬ್ಬಿಗಿ ಹಾಕಿ ಬಾ,” ಎಂದಳು. ಹೊರಟಿದ್ದೇನೆ.