ಹನ್ನೊಂದನೇ ನಂಬರಿನ ಲೆನ್ಸು

ಶಾಲೆಯ ಲ್ಯಾಬಿನಿಂದ,
ಫೆಬ್ರವರಿ ೯, ಸೋಮವಾರ ಮಧ್ಯಾಹ್ನ

ಪ್ರೀತಿಯ ಚೂಟಿ,

ಅಪ್ಪ ಬರೆಯುತ್ತಿದ್ದೇನೆ. ಅಕ್ಷರ ನೋಡಿಯೂ ಹರಿದು ಎಸೆಯದೆ ಇಷ್ಟು ದೂರ ಓದಿದ್ದೀಯಲ್ಲ, ಅದೇ ದೊಡ್ಡದು.

ನಿನ್ನ ಆರೋಗ್ಯ ಹೇಗಿದೆ ಮಗಳೇ? ಚಿಕ್ಕಮ್ಮನ ಹೊಲಿಗೆ ಅಂಗಡಿಯಲ್ಲಿ ದಿನವಿಡೀ ಬಗ್ಗಿ ಕೂತು ನಿನಗೆ ಕತ್ತು ಹಿಡಿದುಕೊಳ್ಳುತ್ತಿದೆ ಎಂದು ನಿಮ್ಮಮ್ಮ ಹೇಳಿದಳು. ಗಂಟೆಗೊಮ್ಮೆಯಾದರೂ ಎದ್ದು ನಾಲ್ಕು ಹೆಜ್ಜೆ ಓಡಾಡು. ಸೂಜಿಗೆ ದಾರ ಪೋಣಿಸುವಾಗ ಲೈಟು ಹಾಕಿಕೊಳ್ಳಲು ಸೋಮಾರಿತನ ಮಾಡಬೇಡ. ನಾನು ಚೆನ್ನಾಗಿದ್ದೇನೆ. ನಿಮ್ಮಮ್ಮನಿಗೆ ಮಂಡಿ ನೋವು, ಬಾಯಿಗೆ ಮಾತ್ರ ಏನೂ ಆಗಿಲ್ಲ. ನಿನ್ನ ಕಾಗದ ಬಂದಾಗಲೆಲ್ಲ ಅಡುಗೆಮನೆಯ ಬಾಗಿಲ ಹತ್ತಿರ ಕೂತು ಗಟ್ಟಿಯಾಗಿ ಓದುತ್ತಾಳೆ. ಕೊನೆಯಲ್ಲಿ ‘ಅಪ್ಪನ್ನ ಕೇಳಿದೆ ಅಂತ ಹೇಳು’ ಎಂದು ಓದಿ ಮಡಚಿಡುತ್ತಾಳೆ. ಹೋದ ತಿಂಗಳು ಅವಳು ಹೊರಗೆ ಹೋಗಿದ್ದಾಗ ಆ ಕಾಗದಗಳನ್ನೆಲ್ಲ ತೆಗೆದು ನೋಡಿದೆ. ಒಂದರಲ್ಲೂ ಆ ಸಾಲು ಇರಲಿಲ್ಲ. ನಾಲ್ಕು ವರ್ಷದಿಂದ ಅದನ್ನು ಅವಳೇ ಸೇರಿಸಿ ಓದುತ್ತಿದ್ದಾಳೆ. ನೀನು ನನ್ನನ್ನು ಯಾಕೆ ವಿಚಾರಿಸುವುದಿಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಇಲ್ಲಿ ಫಿಸಿಕ್ಸ್ ಪ್ರಾಕ್ಟಿಕಲ್ ಪರೀಕ್ಷೆಗೆ ತಯಾರಿ ನಡೆದಿದೆ. ಲ್ಯಾಬ್ ಅಟೆಂಡರನ ಪಾಲಿಗೆ ಇದು ಮನೆಯಲ್ಲಿ ಮದುವೆ ಇದ್ದ ಹಾಗೆ, ಕೂರಲು ಪುರುಸೊತ್ತಿಲ್ಲ. ಲೋಲಕದ ಗುಂಡುಗಳಿಗೆ ಹೊಸ ದಾರ ಕಟ್ಟಿದೆ, ತಂತಿಗಳ ತುದಿಗಳನ್ನು ಉಪ್ಪುಕಾಗದದಿಂದ ಉಜ್ಜಿದೆ, ಸ್ಟಾಪ್‌ವಾಚುಗಳನ್ನು ಒಂದೊಂದಾಗಿ ಗೋಡೆ ಗಡಿಯಾರದ ಜೊತೆ ತಾಳೆ ನೋಡಿದೆ. ಆರನೆಯದು ಈಗಲೂ ನಿಮಿಷಕ್ಕೆ ಎರಡು ಸೆಕೆಂಡು ಕದಿಯುತ್ತದೆ, ಅದನ್ನು ಕಪಾಟಿನ ಒಳಕ್ಕೆ ದಬ್ಬಿದೆ. ವರ್ಷವೆಲ್ಲ ಈ ಕಡೆ ತಲೆ ಹಾಕದ ಮಕ್ಕಳು ಈಗ ರೆಕಾರ್ಡ್ ಪುಸ್ತಕ ಎದೆಗೆ ಅವಚಿಕೊಂಡು ‘ಅಂಕಲ್, ಯಾವ ಎಕ್ಸ್‌ಪೆರಿಮೆಂಟ್ ಬರುತ್ತೆ ಹೇಳಿ’ ಎಂದು ಹಿಂದೆ ಮುಂದೆ ಸುತ್ತುತ್ತಾರೆ. ಹೇಳಿದರೆ ನನ್ನ ಕೆಲಸ ಹೋಗುತ್ತೆ, ಹೇಳದಿದ್ದರೆ ನಿಮ್ಮ ಪ್ರಾಣ ಹೋಗಲ್ಲ ಎಂದು ಗದರಿಸಿ ಕಳಿಸುತ್ತೇನೆ. ನೀನಿದ್ದಾಗ ಹೇಗೆ ಕಿಸಕ್ಕನೆ ನಗುತ್ತಿದ್ದೆ ಈ ಮಾತಿಗೆ.

ನೀನು ತಯಾರಾಗುತ್ತಿದ್ದ ಆ ಹದಿನೈದು ದಿನ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಊಟದ ಮೇಜನ್ನು ನೀನು ಆಕ್ರಮಿಸಿಕೊಂಡಿದ್ದೆ: ನಿಮ್ಮಮ್ಮನ ಹೊಲಿಗೆ ಟೇಪು, ಒಂದು ಮೋಂಬತ್ತಿ, ಹಾಲಿನ ಡಬ್ಬಕ್ಕೆ ಅಂಟಿಸಿದ ಬಿಳಿ ಹಾಳೆ, ನನ್ನ ಓದುವ ಕನ್ನಡಕ. ನಾನೂ ನಿಮ್ಮಮ್ಮನೂ ಗೋಡೆಗೆ ಒರಗಿ ನಿಂತು ತಟ್ಟೆ ಕೈಯಲ್ಲಿ ಹಿಡಿದು ಉಣ್ಣುತ್ತಿದ್ದೆವು. ಯಾವ ನಂಬರಿನ ಲೆನ್ಸಿಗೆ ಎಷ್ಟು ಸೆಂಟಿಮೀಟರ್ ಬರಬೇಕು ಎನ್ನುವ ಪಟ್ಟಿ ಮೇಷ್ಟರ ಡ್ರಾಯರಿನಲ್ಲಿ ಇರುತ್ತಿತ್ತು, ನನಗೆ ಅದು ಬಾಯಿಪಾಠ. ಒಂದು ದಿನ ತಮಾಷೆಗೆ, ಹೇಳಿಬಿಡಲಾ ಎಂದೆ. ‘ಪಟ್ಟಿ ನೋಡಿ ಬರೆಯೋದಾದ್ರೆ ಲೆನ್ಸ್ ಯಾಕಪ್ಪಾ ಬೇಕು’ ಎಂದು ನೀನು ಕಿವಿ ಮುಚ್ಚಿಕೊಂಡೆ. ಐದು ವರ್ಷದವಳಿದ್ದಾಗ ರಜೆಯ ದಿನ ನಿನ್ನನ್ನು ಇಲ್ಲಿಗೆ ಕರೆತಂದು, ಕಿಟಕಿಯ ಎದುರಿನ ಗೋಡೆಯ ಮುಂದೆ ಲೆನ್ಸ್ ಹಿಡಿದು, ಹೊರಗಿನ ಬೀದಿಯನ್ನು ಗೋಡೆಯ ಮೇಲೆ ಬೀಳಿಸಿದ್ದೆ. ತಲೆಕೆಳಗಾದ ಬಸ್ಸು, ತಲೆಕೆಳಗಾಗಿ ನಡೆಯುವ ಜನ. ‘ಅವರು ಬೀಳಲ್ವಾ ಅಪ್ಪಾ’ ಎಂದು ನೀನು ಕೆಳಗೆ ಎರಡೂ ಕೈ ಒಡ್ಡಿ ನಿಂತಿದ್ದೆ. ಬೀದಿ ಸ್ಪಷ್ಟವಾಗಿ ಕಂಡಾಗ ಲೆನ್ಸಿನಿಂದ ಗೋಡೆಗೆ ಎಷ್ಟು ದೂರವೋ ಅದೇ ಆ ಲೆನ್ಸಿನ ಅಳತೆ. ನನಗೆ ಗೊತ್ತಿದ್ದ ವಿಜ್ಞಾನ ಅಷ್ಟೇ, ಅದನ್ನು ನಿನಗೆ ಕೊಟ್ಟಿದ್ದೆ.

ಈಗ ಹೇಳಬೇಕಾದ್ದನ್ನು ಹೇಳುತ್ತೇನೆ. ನಿನಗೆ ಅರ್ಧ ಗೊತ್ತಿದೆ, ಪೂರ್ತಿ ಕೇಳು. ಆ ವರ್ಷ ನಿನ್ನ ಪರೀಕ್ಷೆಗೆ ಎರಡು ದಿನ ಇದ್ದಾಗ ಒರೆಸುತ್ತಿದ್ದ ಹನ್ನೊಂದನೇ ನಂಬರಿನ ಲೆನ್ಸು ಕೈಜಾರಿ ಬಿತ್ತು, ಎರಡು ಹೋಳಾಯಿತು. ಅದಕ್ಕೆ ಮೊದಲೇ ಗಾಜಿನ ಸಾಮಾನು ಒಡೆದೆನೆಂದು ಎರಡು ನೋಟಿಸು ಬಂದಿದ್ದವು, ಮೂರನೆಯದಕ್ಕೆ ಮನೆಗೆ ಕಳಿಸುತ್ತೇವೆ ಎಂದು ಹೆಡ್‌ಮಾಸ್ಟರು ಹೇಳಿದ್ದರು. ಹಳೆಯ ಪೆಟ್ಟಿಗೆಯಲ್ಲಿ ನಂಬರಿಲ್ಲದ ಒಂದು ಲೆನ್ಸು ಸಿಕ್ಕಿತು, ಕೈಗೆ ಅಷ್ಟೇ ದಪ್ಪ ಅನ್ನಿಸಿತು. ಕಿಟಕಿಯ ಹತ್ತಿರ ಹೋಗಿ ಗೋಡೆಗೆ ಹಿಡಿದು ನೋಡಿದ್ದರೆ ಒಂದು ನಿಮಿಷದ ಕೆಲಸ. ವರಾಂಡದಲ್ಲಿ ಗುಮಾಸ್ತ ನಿಂತಿದ್ದ, ನೋಡಿಬಿಟ್ಟಾನು ಎಂದು ಹೋಗಲಿಲ್ಲ. ಲೆನ್ಸನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ. ಲ್ಯಾಬಿನ ಬಣ್ಣದ ಡಬ್ಬಿ ಒಣಗಿಹೋಗಿತ್ತು, ಆದ್ದರಿಂದ ಕನ್ನಡಿಯ ಪಕ್ಕದಲ್ಲಿದ್ದ ನಿನ್ನ ಉಗುರುಬಣ್ಣದ ಸೀಸೆ ತೆಗೆದು ಅಂಚಿನಲ್ಲಿ ಹನ್ನೊಂದು ಎಂದು ಬರೆದೆ. ನಿನ್ನ ಸ್ನೇಹಿತೆ ಕೊಟ್ಟಿದ್ದ ಆ ನೇರಳೆ ಬಣ್ಣ. ಬೇರೆ ಯಾರ ಮನೆಯಲ್ಲೂ ಅಂಥದ್ದು ಇರಲಾರದು.

ಅದು ನಿನ್ನ ಮೇಜಿಗೇ ಬರುತ್ತದೆ ಎಂದು ನನಗೇನು ಗೊತ್ತು? ನಲವತ್ತು ಮಕ್ಕಳು, ಚೀಟಿ ಎತ್ತುವುದು. ನೀನು ಅಳೆದೆ, ಹದಿನೈದು ಬಂತು. ಪಟ್ಟಿಯಲ್ಲಿ ಇಪ್ಪತ್ತು ಇತ್ತು. ಪಕ್ಕದ ಮೇಜಿನ ಹುಡುಗಿಯ ಲೆನ್ಸಿಗೆ ಹದಿನೈದು, ಅಷ್ಟೇ ಸಾಕಾಯಿತು. ಅವಳದ್ದು ನೋಡಿ ಬರೆದಿದ್ದೀಯ ಎಂದು ಪರೀಕ್ಷಕರು ನಿನ್ನ ಹಾಳೆ ಕಿತ್ತುಕೊಂಡರು. ‘ಇಲ್ಲ ಸಾರ್, ಲೆನ್ಸೇ ಹಾಗಿದೆ, ನೀವೇ ಒಂದ್ಸಲ ನೋಡಿ’ ಎಂದೆ ನೀನು. ಅವರು ನೋಡಲಿಲ್ಲ. ಹೊರಗಿನಿಂದ ಬಂದವರು, ನೀನು ನನ್ನ ಮಗಳೆಂದು ಅವರಿಗೆ ತಿಳಿಯದು. ನನ್ನ ಕಡೆ ತಿರುಗಿ ‘ಲೆನ್ಸ್ ಏನಾದ್ರೂ ಬದಲಾಯಿಸಿದೀಯೇನಪ್ಪಾ’ ಎಂದರು. ನಾನು ‘ಇಲ್ಲ ಸಾರ್’ ಎಂದೆ. ಆಗ ನೀನು ಲೆನ್ಸನ್ನು ಬೆಳಕಿಗೆ ಎತ್ತಿ ಅಂಚು ನೋಡಿದೆ, ಆಮೇಲೆ ನನ್ನ ಮುಖ ನೋಡಿದೆ. ನಿನಗೆ ಆ ಬಣ್ಣ ಗೊತ್ತಾಯಿತು ಎಂದು ನನಗೆ ಗೊತ್ತಾಯಿತು. ಒಂದು ಮಾತು ಆಡಿದ್ದರೆ ನೀನು ಬಚಾವಾಗುತ್ತಿದ್ದೆ, ನಾನು ಬೀದಿಗೆ ಬೀಳುತ್ತಿದ್ದೆ. ನೀನು ಲೆನ್ಸನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಪೆನ್ನಿನ ಮುಚ್ಚಳ ಹಾಕಿ, ಹೊರಗೆ ನಡೆದೆ. ನಕಲು ಮಾಡಿದವಳು ಎಂದು ಹೆಸರಾಯಿತು, ಮೂರು ವರ್ಷ ಪರೀಕ್ಷೆಗೆ ಕೂರಿಸಬಾರದು ಎಂದರು. ಫಿಸಿಕ್ಸ್ ಮೇಡಂ ಆಗುತ್ತೇನೆ ಎಂದು ಆರನೇ ಕ್ಲಾಸಿನಿಂದ ಹೇಳುತ್ತಿದ್ದ ಹುಡುಗಿ ಗುಂಡಿ ಹೊಲಿಯಲು ಹೋದಳು.

ಇಷ್ಟಾದರೂ ಕ್ಷಮಿಸುತ್ತಿದ್ದೆಯೇನೋ. ನನ್ನನ್ನು ಬಿಡದೆ ಕಾಡುವುದು ಆ ಸಂಜೆಯ ಮಾತು. ನಿಮ್ಮಮ್ಮ ಅಳುತ್ತ ಏನಾಯ್ತು ಎಂದು ಕೇಳಿದಾಗ ನಾನು ನಿನ್ನೆದುರಿಗೇ ‘ನೆಟ್ಟಗೆ ಓದಿದ್ರೆ ಪಕ್ಕದವಳದ್ದು ಯಾಕೆ ನೋಡ್ತಿದ್ಲು’ ಎಂದೆ. ಸುಳ್ಳನ್ನು ಮನೆತನಕ ಹೊತ್ತು ತಂದೆ. ನೀನು ಆಗಲೂ ನನ್ನನ್ನು ಬಿಟ್ಟುಕೊಡಲಿಲ್ಲ. ಮಾರನೆಯ ವಾರ ಚಿಕ್ಕಮ್ಮನ ಮನೆಗೆ ಹೊರಟೆ, ಉಗುರುಬಣ್ಣದ ಸೀಸೆ ಕನ್ನಡಿಯ ಪಕ್ಕದಲ್ಲೇ ಬಿಟ್ಟು ಹೋದೆ. ಇನ್ನೂ ಅಲ್ಲೇ ಇದೆ. ಒಳಗಿನದೆಲ್ಲ ಗಟ್ಟಿಯಾಗಿದೆ. ಗಡ್ಡ ಬೋಳಿಸುವಾಗ ದಿನಾ ಅದರ ಮುಂದೆ ನಿಲ್ಲುತ್ತೇನೆ.

ಕಳೆದ ವಾರ ಅಭ್ಯಾಸದ ತರಗತಿಯಲ್ಲಿ ಒಂದು ಹುಡುಗಿಗೆ ಲೋಲಕದ ಲೆಕ್ಕ ಎಷ್ಟು ಸಲ ಮಾಡಿದರೂ ತಪ್ಪಾಗಿ ಬಂತು. ಅಕ್ಕಪಕ್ಕದವರು ನಗತೊಡಗಿದರು. ಈ ವರ್ಷ ಬಂದಿರುವ ಮೇಡಂ, ನಿನಗಿಂತ ಏಳೆಂಟು ವರ್ಷ ದೊಡ್ಡವರಿರಬಹುದು, ಎದ್ದು ಹೋಗಿ ‘ಮೊದಲು ಸ್ಟಾಪ್‌ವಾಚ್ ನೋಡೋಣ, ಆಮೇಲೆ ನಿನ್ನ ನೋಡೋಣ’ ಎಂದರು. ನೋಡಿದರೆ ಅದೇ ಆರನೇ ಕಳ್ಳ ವಾಚು. ಅಷ್ಟೇ ನಡೆದದ್ದು. ನಾನು ಹಿಂದಿನ ಕೋಣೆಗೆ ಹೋಗಿ ಒರೆಸುವ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ಅತ್ತೆ. ಅಂದು ಇಷ್ಟು ಹೇಳಲು ಈ ಲ್ಯಾಬಿನಲ್ಲಿ ಒಬ್ಬನಿದ್ದ, ಅವನು ನಿನ್ನ ಅಪ್ಪ.

ಮನೆಗೆ ಬಂದು ನಿಮ್ಮಮ್ಮನಿಗೆ ಎಲ್ಲ ಹೇಳಿದೆ. ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಅವಳು ನನಗೆ ಊಟ ಬಡಿಸಿಟ್ಟು, ನಿನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಾತು ಬಿಟ್ಟು ಇಂದಿಗೆ ಆರನೇ ದಿನ. ಬೈದಿದ್ದರೆ ಚೆನ್ನಾಗಿತ್ತು.

ಕ್ಷಮಿಸು ಎಂದು ಕೇಳಲು ನನಗೆ ಮುಖವಿಲ್ಲ. ನೀನು ಉತ್ತರ ಬರೆಯಲೇಬೇಕೆಂದೂ ಇಲ್ಲ. ಕತ್ತಿಗೆ ಬಿಸಿನೀರಿನ ಶಾಖ ಕೊಟ್ಟುಕೋ. ಚಿಕ್ಕಮ್ಮನಿಗೆ ನನ್ನ ನಮಸ್ಕಾರ ತಿಳಿಸು. ನೀನು ಎಲ್ಲಿದ್ದರೂ ತಲೆ ಎತ್ತಿಕೊಂಡು ಇರು ಮಗಳೇ, ಬಗ್ಗಿಸಬೇಕಾದ ತಲೆ ಇಲ್ಲಿದೆ.

ಇತಿ,
ನಿನ್ನ ಅಪ್ಪ

ಮರೆತೆ: ಗುಮಾಸ್ತ ಟಪಾಲಿನ ಚೀಲ ಕಟ್ಟುತ್ತಿದ್ದಾನೆ, ಬೇಗ ಬರೆಯುತ್ತೇನೆ. ನಿಮ್ಮಮ್ಮನಿಗೆ ಹೇಳಿದ ಮಾರನೆಯ ದಿನವೇ ಎಲ್ಲವನ್ನೂ ಬರೆದು ಸಹಿ ಮಾಡಿ, ಆ ನೇರಳೆ ನಂಬರಿನ ಲೆನ್ಸಿನ ಸಮೇತ ಹೆಡ್‌ಮಾಸ್ಟರಿಗೆ ಕೊಟ್ಟಿದ್ದೇನೆ. ಪರೀಕ್ಷಾ ಕಚೇರಿಯಿಂದ ಇವತ್ತು ಉತ್ತರ ಬಂತು. ನಿನ್ನ ಹೆಸರಿನ ಮುಂದಿದ್ದ ನಕಲು ಎಂಬ ಮಾತು ಹೊಡೆದುಹಾಕಿದ್ದಾರೆ, ಈ ಸಲವೇ ನೀನು ಪ್ರಾಕ್ಟಿಕಲ್‌ಗೆ ಕೂರಬಹುದಂತೆ, ಥಿಯರಿ ಮುಂದಿನ ತಿಂಗಳು. ಪ್ರಾಕ್ಟಿಕಲ್ ಈ ತಿಂಗಳ ಇಪ್ಪತ್ತಮೂರು, ಬೆಳಿಗ್ಗೆ ಒಂಬತ್ತೂವರೆ. ಕಿಟಕಿಯ ಪಕ್ಕದ ಮೇಜನ್ನು ನಿನಗೇ ಕೊಡಿ ಎಂದು ಮೇಡಂಗೆ ಹೇಳಿದ್ದೇನೆ. ಬೀಗದ ಕೈಗೊಂಚಲು ಈ ಸಂಜೆ ಅವರ ಕೈಗೆ ಕೊಡುತ್ತೇನೆ, ನಾಳೆಯಿಂದ ನನಗೆ ಇಲ್ಲಿ ಕೆಲಸವಿಲ್ಲ. ಆ ದಿನ ನಾನು ಲ್ಯಾಬಿನಲ್ಲೂ ಇರುವುದಿಲ್ಲ, ಗೇಟಿನ ಹತ್ತಿರವೂ ಇರುವುದಿಲ್ಲ. ಅಪ್ಪನ ಮುಖ ನೋಡಬೇಕಾಗುತ್ತದೆ ಎಂದು ಮಾತ್ರ ಬಾರದೆ ಇರಬೇಡ.