ಬೋಯಾದ ಸರಪಳಿ

ಗಂಗೊಳ್ಳಿ ನೀರೂರು
ಮರುಜ್ಯೇಷ್ಠದ ನಲವತ್ತನೆಯ ಇಳಿತ, ಇಪ್ಪತ್ತನಾಲ್ಕನೆಯ ಶತಮಾನ

ನಮಗಿಂತ ಮೊದಲಿನವರಿಗೆ,

ಈ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗದು; ನಾವು ದಿನಗಳನ್ನು ಸಮುದ್ರದ ಇಳಿತದಿಂದ ಎಣಿಸುತ್ತೇವೆ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನೀರೂರು ಎಂದರೆ ಮುಳುಗಿದ ಊರಿನ ಮೇಲೆ ತೇಲುವ ಊರು. ಇಲ್ಲಿ ಪ್ರತಿ ಮನೆಗೂ ಒಂದು ಸರಪಳಿಯಿದ್ದು, ಅದನ್ನು ಕೆಳಗಿನ ಹಳೆಯ ಬೀದಿಯ ಕಲ್ಲಿಗೆ ಬಿಗಿದಿರುತ್ತೇವೆ. ಅದಕ್ಕೆ ಕಚ್ಚಿದ ಚಿಪ್ಪುಗಳನ್ನು ಕೆರೆದು ತೆಗೆಯುವುದು ನೀವು ಅಂಗಳ ಸಾರಿಸಿದಷ್ಟೇ ಸಾಮಾನ್ಯ ಕೆಲಸ. ಮಗುವಿಗೆ ಹೆಸರಿಡುವ ಮೊದಲು ಅದರ ಅಂಗೈಯನ್ನು ಸರಪಳಿಯ ಮೇಲಿಡುತ್ತೇವೆ, ನೆಲ ಎಳೆಯುವುದು ತಿಳಿಯಲಿ ಎಂದು.

ಅಳಿವೆಯ ಬಾಯಲ್ಲಿ, ಬಂಡೆಯ ಗುರುತಿಗೆಂದು ನೀವು ತೇಲಿಬಿಟ್ಟ ಕೆಂಪು ಬೋಯಾ ಇನ್ನೂ ಇದೆ. ಉಬ್ಬರದ ಹೊತ್ತಿಗೆ ಮಾತ್ರ ಅದು ಕಾಣುವುದಿಲ್ಲ. ಸಮುದ್ರ ಏರಿತು, ಸರಪಳಿ ನಿಮ್ಮ ಕಾಲದ ಆಳದಷ್ಟೇ ಉಳಿಯಿತು. ತೇಲಬೇಕಾದದ್ದನ್ನು ಈಗ ಆ ಸರಪಳಿಯೇ ನೀರಿನೊಳಗೆ ಹಿಡಿದಿಡುತ್ತದೆ. ಕಳೆದ ತಿಂಗಳು ನನ್ನ ತಂಗಿಯ ಮಗಳು ಸುಗಂಧಿಯ ದೋಣಿ ಆ ಬಂಡೆಗೆ ಉಜ್ಜಿಕೊಂಡೇ ಬಂತು. ಸರಪಳಿ ಕಡಿದುಬಿಡೋಣ ಎಂದಿತು ಊರಿನ ಕೂಟ. “ತೇಲೂಕೆ ಸರಪಳಿ ಎಂತಕೆ ದೊಡ್ಡಮ್ಮ?” ಎಂದಳು ಸುಗಂಧಿಯೂ.

ನಾನು ಹಳೆಯ ಭಾಷೆಗಳನ್ನು ಓದಿದವಳು. ನಮ್ಮ ಬೋಯಾ ನಿಮ್ಮ ಇಂಗ್ಲಿಷಿನ ‘ಬೋಯ್’. ತೇಲುವ ಗುಣಕ್ಕೆ ನೀವು ಹೇಳುವ ‘ಬಾಯನ್ಸಿ’ ಅದರದೇ ಬಳಗ. ಅದರ ಬೇರು ಲ್ಯಾಟಿನ್ನಿನಲ್ಲಿ ಸಂಕೋಲೆ ಎಂಬರ್ಥದ ಪದ ಎನ್ನುತ್ತಾರೆ ಕೆಲವು ವಿದ್ವಾಂಸರು; ಹಳೆಯ ಜರ್ಮನ್ ಬಳಗದ, ಗುರುತಿನ ಬೆಂಕಿ ಎಂಬರ್ಥದ ಪದ ಎನ್ನುತ್ತಾರೆ ಇನ್ನು ಕೆಲವರು. ಕೂಟದಲ್ಲಿ ಎರಡನ್ನೂ ಹೇಳಿ, ಕಟ್ಟಿಲ್ಲದೆ ಗುರುತಿಲ್ಲ ಎಂದೆ. ಕಟ್ಟು ಬಿಚ್ಚಿದ ಬೋಯಾ ಚೆನ್ನಾಗಿಯೇ ತೇಲುತ್ತದೆ, ಆದರೆ ನಾಳೆ ಎಲ್ಲಿರುತ್ತದೋ ಗೊತ್ತಿಲ್ಲ. ಬಂಡೆ ಇದ್ದಲ್ಲೇ ಇರುತ್ತದೆ. ಸರಪಳಿ ತಪ್ಪಲ್ಲ, ಗಿಡ್ಡವಾಗಿದೆ ಅಷ್ಟೆ.

ಕೂಟ ಒಪ್ಪಿತು, ಆದರೆ ಹೊಸ ಕಬ್ಬಿಣ ನಮಗೆ ಸಿಗುವುದಿಲ್ಲ. ಆದ್ದರಿಂದ ನಾಳೆಯ ಇಳಿತದಲ್ಲಿ ನನ್ನ ಮನೆಯ ಸರಪಳಿ ಬಿಚ್ಚಿ ಬೋಯಾದ ಸರಪಳಿಗೆ ಜೋಡಿಸುತ್ತೇನೆ. ಮನೆಯನ್ನು ಹಗ್ಗದಿಂದ ಸುಗಂಧಿಯ ಮನೆಗೆ ಕಟ್ಟುತ್ತೇವೆ. “ಹಂಗಾರೆ ನಮ್ ಬೆನ್ನಿಗೇ ಜೋತ್ಕಂತ್ರಿಯಾ? ಮೀನ್ ಸಾರ್ ದಿನಾ ನೀವೇ ಮಾಡ್ಕ್,” ಎಂದು ಷರತ್ತು ಹಾಕಿದ್ದಾಳೆ. ಹಗ್ಗ ಹೊಸೆಯುತ್ತಿರುವವಳೂ ಅವಳೇ.

ನಿಮ್ಮ ಕೈಯಲ್ಲಿ ಇನ್ನೂ ಕಬ್ಬಿಣವಿದೆ. ಏನನ್ನಾದರೂ ನೀರಿಗಿಳಿಸುವ ಮುನ್ನ ಸರಪಳಿ ಅಳೆಯುವಾಗ, ನಮ್ಮ ಪಾಲಿಗೆ ಬರುವ ನೀರನ್ನೂ ಸೇರಿಸಿ ಅಳೆಯಿರಿ.

ನಿಮ್ಮ ಬೀದಿಯ ಮೇಲೆ ತೇಲುತ್ತ,
ವಾರಿಜಾಕ್ಷಿ