ಒಂದು ಉದ್ದ, ಎರಡು ಗಿಡ್ಡ

ಬಳ್ಳಾರಿ
ಫೆಬ್ರವರಿ ೨೦೦೮

ಅಬ್ಬಾ ಅವರಿಗೆ ಜಹೀದಾಳ ಸಲಾಂ.

ಸಿರುಗುಪ್ಪದಲ್ಲಿ ಅತ್ತೆಯ ಮನೆಯಲ್ಲಿ ಆರಾಮಾಗಿದ್ದೀರೆಂದು ತಿಳಿಯಿತು. ನೀವು ಫೋನ್ ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಮ್ಮಿಯೊಡನೆ ಮುನಿಸಿಕೊಂಡು ಹೊರಟ ದಿನದ ಮಾತನ್ನು ನಾನು ಎತ್ತುವುದಿಲ್ಲ. ಇದು ಕೆಲಸದ ಕಾಗದ.

ಗಣಿ ಧಣಿಯೊಬ್ಬರು ವಿದೇಶದಿಂದ ತರಿಸಿದ ಆಟದ ರೈಲು ಇಂಜಿನ್ನನ್ನು ನನ್ನ ರಿಪೇರಿ ಅಂಗಡಿಗೆ ಕಳಿಸಿದ್ದಾರೆ. ರಿಮೋಟ್ ಒತ್ತಿದರೆ ಓಡುತ್ತದೆ, ಆದರೆ ಸದ್ದಿಲ್ಲ. ನೀವು ಓಡಿಸುತ್ತಿದ್ದಂಥ ಅದಿರು ಗಾಡಿಯ ಸದ್ದೇ ಬೇಕಂತೆ. ಸ್ಟೇಷನ್ನಿನಲ್ಲಿ ರೆಕಾರ್ಡ್ ಮಾಡಿ, ಚಿಪ್ಪಿಗೆ ತುಂಬಿ, ಇಂಜಿನ್ನಿನೊಳಗೆ ಪುಟ್ಟ ಸ್ಪೀಕರ್ ಕೂರಿಸಿದ್ದೇನೆ.

ಒಂದು ಅನುಮಾನ ಉಳಿದಿದೆ. ಅದಿರು ತುಂಬಿದ ಗಾಡಿಯಲ್ಲಿ ಇಂಜಿನ್ ಸದ್ದು ಏರಿದ ಎಷ್ಟು ಹೊತ್ತಿಗೆ ಗಾಲಿ ಹೊರಳುತ್ತದೆ? ಇದನ್ನು ನೀವೇ ಬಂದು, ಕಿವಿಯಾರೆ ಕೇಳಿ ಹೇಳಬೇಕು.

ಜೊತೆಗೆ ನನ್ನಿಂದ ಒಂದು ತಪ್ಪೂ ಆಯಿತು. ನೀವು ನಮ್ಮ ಮನೆ ಹಿಂದಿನ ರೈಲ್ವೆ ಗೇಟು ದಾಟುವಾಗ ಒತ್ತುತ್ತಿದ್ದ ಹಾಗೆಯೇ ಹಾರ್ನನ್ನೂ ಚಿಪ್ಪಿಗೆ ಹಾಕಿಬಿಟ್ಟೆ. ಒಂದು ಉದ್ದ, ಎರಡು ಗಿಡ್ಡ. ಅದನ್ನು ಕೇಳಿಯೇ ಅಲ್ಲವೇ ಅಮ್ಮಿ ಒಲೆಯ ಮೇಲೆ ಚಹಾ ಇಡುತ್ತಿದ್ದದ್ದು. ನಿನ್ನೆ ಸಂಜೆ ಪಡಸಾಲೆಯಲ್ಲಿ ಒತ್ತಿ ನೋಡಿದೆ. ಸ್ವಲ್ಪ ಹೊತ್ತಿಗೆ ಅಮ್ಮಿ ಮೂರು ಕಪ್ ಚಹಾ ತಂದಳು. ಮೂರನೆಯದನ್ನು ನೋಡಿ ಹಾಗೇ ನಿಂತಳು.

"ಆ ಆಟಿಗಿ ಸಾಮಾನ ಮನಿಯಾಗ ಬಾರಿಸಬ್ಯಾಡ" ಅಂದಳು.

ಆದರೆ ಕಪ್ಪನ್ನು ಒಳಗೆ ಒಯ್ಯಲಿಲ್ಲ. ಮೇಲೆ ಬಸಿ ಮುಚ್ಚಿಟ್ಟಳು.

ಭಾನುವಾರ ಇಂಜಿನ್ ಕೊಡಬೇಕು. ಶನಿವಾರದ ಬಸ್ಸಿಗೆ ಬನ್ನಿ. ನಮ್ಮ ಓಣಿಯ ತಿರುವಿನಲ್ಲಿ ನಿಂತು ನನಗೊಂದು ಮಿಸ್ಡ್ ಕಾಲ್ ಕೊಡಿ. ನಾನು ಹಾರ್ನ್ ಒತ್ತುತ್ತೇನೆ.

ನಿಮ್ಮ ಮಗಳು,
ಜಹೀದಾ